ಮನೆಗೆ ತಂದ ಮೊಲಕ್ಕೆ ನಾಲ್ಕೇ ಕಾಲು

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ಕನ್ನಡ ಬಲ್ಲವರೆಲ್ಲರೂ ಕೇಳಿರುವರು. ಹಟಮಾರಿಗಳನ್ನು ಹಾಸ್ಯಮಾಡಲು ಇದನ್ನು ಬಳಸುತ್ತೇವೆಯೇ ಹೊರತು, ಹಾಗೆ ಹಿಡಿದ ಮೊಲದ ಗತಿ ಮುಂದೇನಾಯಿತೆಂದು ಯಾರೂ ವಿಚಾರಿಸಿದಂತೆ ತೋರದು. ಆ ವಿಚಾರಣೆಗೆ ಈಗ ಕಾಲ ಬಂದಿದೆ. ನಮ್ಮ ನಗರಗಳಲ್ಲಿ ಮೊಲದ ಮರಿಗಳು ಆಟದ ಸಾಮಾನುಗಳಂತೆ ಮಾರಾಟವಾಗುತ್ತಿವೆ. ಹುಟ್ಟುಹಬ್ಬದ ಉಡುಗೊರೆಯಾಗಿ ಬಂದ ಬಿಳಿಯ ಮರಿಯು ನಾಲ್ಕಾರು ತಿಂಗಳಲ್ಲಿ ಬಲಿತು ಬಾಗಿಲ ಚೌಕಟ್ಟನ್ನು ಕಡಿಯತೊಡಗಿದೊಡನೆ ಅದರ ಮೇಲಿನ ಮೋಹವು ಇಳಿದುಹೋಗುವುದು. ಬಳಿಕ ಅದನ್ನು ಉದ್ಯಾನದ ಪೊದೆಯ ಬಳಿಯಲ್ಲೋ ಊರ ಹೊರಗಿನ ಬಯಲಿನಲ್ಲೋ ಬಿಟ್ಟುಬರುವವರುಂಟು. ಅದೃಷ್ಟವಿದ್ದ ಕೆಲವು ಮಾತ್ರ ದಯಾಳುಗಳ ಕಣ್ಣಿಗೆ ಬಿದ್ದು, ನಾಯಿಯ ಬಾಯಿಗೆ ತುತ್ತಾಗದೆ ಇನ್ನೊಂದು ಮನೆಯನ್ನು ಸೇರುತ್ತವೆ.

ಹೀಗೆ ಮೊಲವನ್ನು ಪಾರುಮಾಡಿ ತಂದವರಲ್ಲಿ ಕಾಲೇಜಿನ ವಿದ್ಯಾರ್ಥಿಗಳೂ ಇದ್ದಾರೆ. ಅವರ ದಯೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಮೊಲವು ಹೊಸ್ತಿಲು ದಾಟಿ ಒಳಗೆ ಬಂದೊಡನೆ ಆ ಹಳೆಯ ಗಾದೆಯೂ ಅದರ ಬೆನ್ನಿಗೇ ಬರುವುದು. ಅದಕ್ಕೆ ತಂತಿಯ ಗೂಡೊಂದು ಸಾಕು, ತಾರಸಿಯ ಮೂಲೆ ಸಾಕು, ದಿನಕ್ಕೆರಡು ಕ್ಯಾರೆಟ್ ಸಾಕು ಎಂದು ಪ್ರತಿಯೊಬ್ಬರೂ ತಮಗೆ ತೋರಿದಂತೆ ಎಣಿಸಿಬಿಡುವರು. ಎಣಿಕೆ ತಪ್ಪಿದುದರ ಫಲವನ್ನು ಉಣ್ಣುವುದು ಮಾತ್ರ ಬಾಯಿಲ್ಲದ ಪ್ರಾಣಿ.

ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಪಾರುಮಾಡಿ ತಂದ ಮೊಲವು ಇರತಕ್ಕ ಸ್ಥಳವೆಂದರೆ ಮನೆಯ ಒಳಗೆ, ಮನೆಯವರ ನಡುವೆ, ಗೂಡಿನ ಹೊರಗೆ. ಅಷ್ಟಕ್ಕೆ ಅನುಕೂಲವಿಲ್ಲದವರು ಅನುಕೂಲವುಳ್ಳವರಿಗೆ ಅದನ್ನು ಒಪ್ಪಿಸುವುದೇ ಲೇಸು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಮೊಲದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿ ಇಂಥ ಎರಡು ಮೊಲಗಳಿವೆ ಎಂಬುದು ಒಂದು ಕಾರಣ. ಶಾಖ, ಒತ್ತಡ, ಘರ್ಷಣೆ, ಶಬ್ದ ಎಂದು ನಾವು ಕರಿಹಲಗೆಯ ಮೇಲೆ ಬರೆಯುವ ಪಾಠಗಳೇ ಆ ಪ್ರಾಣಿಯ ಸಾವು ಬದುಕುಗಳನ್ನು ನಿರ್ಣಯಿಸುತ್ತವೆ ಎಂಬುದು ಮತ್ತೊಂದು ಕಾರಣ.

ನಾವು ಮಾತನಾಡುತ್ತಿರುವುದು ಯಾವ ಮೊಲದ ವಿಷಯ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಕನ್ನಡದಲ್ಲಿ ಮೊಲವೆಂಬ ಒಂದೇ ಶಬ್ದವು ಎರಡು ಬೇರೆ ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ನಮ್ಮ ಹೊಲಗಳಲ್ಲಿಯೂ ಕುರುಚಲು ಕಾಡುಗಳಲ್ಲಿಯೂ ಚಂಗನೆ ನೆಗೆದೋಡುವ ಕಂದುಬಣ್ಣದ ಪ್ರಾಣಿಯು ಲೆಪಸ್ ನಿಗ್ರಿಕಾಲಿಸ್ ಎಂಬ ಕಾಡುಮೊಲ. ಚಂದ್ರನಿಗೆ ಶಶಾಂಕನೆಂಬ ಹೆಸರನ್ನು ತಂದುಕೊಟ್ಟ ಬಳಗ ಇದರದು. ಅಂಗಡಿಗಳಲ್ಲಿ ದೊರೆಯುವ ಸಾಕುಮೊಲವು ಒರಿಕ್ಟೊಲೇಗಸ್ ಕ್ಯುನಿಕ್ಯುಲಸ್ ಎಂಬ ಬೇರೊಂದು ಜಾತಿಗೆ ಸೇರಿದ್ದು. ಅದರ ಮೂಲಸ್ಥಾನ ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸ್ ದೇಶಗಳು. ಮೊದಲನೆಯದರ ಬಳಗದ ಜೀವಕೋಶಗಳಲ್ಲಿ ೪೮ ವರ್ಣತಂತುಗಳಿದ್ದರೆ ಎರಡನೆಯದರಲ್ಲಿ ೪೪ ಇರುವುವು. ಇವೆರಡೂ ಕೂಡಿ ಸಂತಾನವನ್ನು ಪಡೆಯಲಾರವು.

ಇವುಗಳ ಬಾಳುವೆಯಲ್ಲಿಯೂ ಅಷ್ಟೇ ಅಂತರವಿದೆ. ಕಾಡುಮೊಲವು ಬಿಲವನ್ನು ತೋಡುವುದಿಲ್ಲ. ಹುಲ್ಲಿನ ನಡುವಣ ತಗ್ಗೇ ಅದರ ಹಾಸಿಗೆ. ಅದರ ಮರಿಯು ಮೈತುಂಬ ಕೂದಲಿನೊಡನೆ ಕಣ್ತೆರೆದುಕೊಂಡೇ ಹುಟ್ಟುವುದು. ತಾಯಿಯು ಶತ್ರುಗಳಿಗೆ ಸುಳಿವು ಸಿಕ್ಕದಂತೆ ಹಗಲೆಲ್ಲ ದೂರವಿದ್ದು ಕತ್ತಲಾದ ಮೇಲೆ ಬಂದು ಹಾಲೂಡುವುದು. ಆದುದರಿಂದ ಹೊಲದಲ್ಲಿ ಒಂಟಿಯಾಗಿ ಕುಳಿತ ಮರಿಯನ್ನು ತಬ್ಬಲಿಯೆಂದು ಭಾವಿಸಿ ಎತ್ತಿಕೊಂಡು ಬರುವುದು ರಕ್ಷಣೆಯಾಗದು, ತಾಯಿಯಿಂದ ಮಾಡಿದ ಅಪಹರಣವಾಗುವುದು. ಮೇಲಾಗಿ ಕಾಡುಮೊಲವು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿದೆ. ಅದನ್ನು ಮನೆಯಲ್ಲಿ ಸಾಕುವಂತಿಲ್ಲ. ಅದನ್ನು ಇದ್ದಲ್ಲಿಯೇ ಬಿಡುವುದು ನಮ್ಮ ಕರ್ತವ್ಯ.

ಸಾಕುಮೊಲದ ಪೂರ್ವಜರಾದರೋ ಹುಟ್ಟಾ ಗೃಹಸ್ಥರು. ಅವು ನೆಲದೊಳಗೆ ಕವಲುಕವಲಾದ ಬಿಲಗಳನ್ನು ತೋಡಿ, ಹಲವು ಕೂಡಿ ಬಾಳುತ್ತವೆ. ಮರಿಗಳು ಬತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು, ಬಿಲದ ಕತ್ತಲಲ್ಲಿ ಜನಿಸುತ್ತವೆ. ಬೆಳಗು ಬೈಗುಗಳಲ್ಲಿ ಹೊರಬಂದು ಮೇಯುವುದು, ಬಿಸಿಲೇರಿದಾಗ ಒಳಗೆ ಸೇರಿಕೊಳ್ಳುವುದು, ಇದು ಅವುಗಳ ದಿನಚರಿ. ಸೂರಿನಡಿಯ ವಾಸವನ್ನು ಮೊಲಕ್ಕೆ ಕಲಿಸಿದವರು ನಾವಲ್ಲ; ಅದು ತಾನಾಗಿಯೇ ಕಂಡುಕೊಂಡ ಉಪಾಯ. ಮೊಲವನ್ನು ಮನೆಯೊಳಗಿಡುವುದು ಪ್ರಕೃತಿಗೆ ವಿರುದ್ಧವೆಂದು ಆಕ್ಷೇಪಿಸುವವರು ಈ ಸಂಗತಿಯನ್ನು ಗಮನಿಸಬೇಕು.

‘ಹಾಗಿದ್ದರೆ ಬಯಲಿನಲ್ಲಿ ಬಿಟ್ಟರೆ ಬಿಲ ತೋಡಿಕೊಂಡು ಸುಖವಾಗಿ ಬಾಳುವುದಲ್ಲವೆ?’ ಎಂಬ ಪ್ರಶ್ನೆಯು ಏಳಬಹುದು. ೨೦೧೮ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಸಾಕುಮೊಲ ಮತ್ತು ಅದರ ಕಾಡುಬಂಧುಗಳ ಮಿದುಳನ್ನು ಹೋಲಿಸಿ ನೋಡಲಾಯಿತು. ಭಯವನ್ನು ಪ್ರಚೋದಿಸುವ ಅಮಿಗ್ಡಲ ಎಂಬ ಭಾಗವು ಸಾಕುಮೊಲದಲ್ಲಿ ಚಿಕ್ಕದಾಗಿಯೂ, ಭಯವನ್ನು ಹತೋಟಿಯಲ್ಲಿಡುವ ಮುಂಭಾಗವು ದೊಡ್ಡದಾಗಿಯೂ ಇರುವುದೆಂದು ಕಂಡುಬಂದಿತು. ತನ್ನನ್ನು ಕಾಪಾಡುತ್ತಿದ್ದ ಅಂಜಿಕೆಯ ಒಂದು ಪಾಲನ್ನು ಅದು ನಮ್ಮ ಸಹವಾಸದಲ್ಲಿ ಕಳೆದುಕೊಂಡಿದೆ. ಅದರ ಬಿಳಿಯ ಬಣ್ಣವಂತೂ ಹದ್ದಿಗೂ ನಾಯಿಗೂ ಕರೆಯೋಲೆಯಿದ್ದಂತೆ. ಇಂಥದನ್ನು ಬಯಲಿನಲ್ಲಿ ಬಿಡುವುದಕ್ಕೆ ಬಿಡುಗಡೆಯೆಂಬ ಹೆಸರು ಒಪ್ಪದು. ನೀರು ನಿಡಿಗಳಿಲ್ಲದೆ ನರಳುವಂತೆ ಪ್ರಾಣಿಯನ್ನು ತೊರೆಯುವುದು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಒಂದು ವೇಳೆ ಅವು ಬದುಕಿಕೊಂಡರೂ ಅದು ಬೇರೊಂದು ವಿಪತ್ತು. ೧೮೫೯ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ವಿನೋದಕ್ಕಾಗಿ ಇಂಗ್ಲೆಂಡಿನಿಂದ ತರಿಸಿದ ಕೆಲವೇ ಮೊಲಗಳನ್ನು ಬಿಟ್ಟನು. ಅವುಗಳ ಸಂತತಿಯು ಐವತ್ತೇ ವರ್ಷಗಳಲ್ಲಿ ಆ ಖಂಡದ ಬಹುಭಾಗವನ್ನು ಆಕ್ರಮಿಸಿ, ಹುಲ್ಲುಗಾವಲುಗಳನ್ನು ಬೋಳಿಸಿತು. ೧೯೦೧ರಿಂದ ೧೯೦೭ರ ವರೆಗೆ ಪಶ್ಚಿಮ ಆಸ್ಟ್ರೇಲಿಯದಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಬೇಲಿಯನ್ನು ಕಟ್ಟಿದರೂ ಅವು ನಿಲ್ಲಲಿಲ್ಲ. ಕೊನೆಗೆ ೧೯೫೦ರಲ್ಲಿ ಮಿಕ್ಸೋಮ ಎಂಬ ರೋಗದ ವೈರಸ್ಸನ್ನು ಬೇಕೆಂದೇ ಹರಡಬೇಕಾಯಿತು. ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ ಇಂದಿಗೂ ವಿಶೇಷ ಅನುಮತಿಯಿಲ್ಲದೆ ಮೊಲವನ್ನು ಸಾಕಕೂಡದು. ತಮ್ಮದಲ್ಲದ ನೆಲದಲ್ಲಿ ಬಿಟ್ಟ ಮೊಲಗಳು ಒಂದೋ ಸಾಯುವುವು, ಇಲ್ಲವೇ ನೆಲವನ್ನು ಸಾಯಿಸುವುವು. ಉಳಿದಿರುವ ದಾರಿ ಮನೆಯೊಂದೇ.

ಮನೆಯೆಂದರೆ ಅದರ ಯಾವ ಭಾಗ? ಬಹುಮಂದಿ ಗೂಡನ್ನು ತಾರಸಿಯ ಮೇಲಿನ ತಗಡಿನ ಚಪ್ಪರದಡಿಯಲ್ಲಿ ಇಡುವರು. ಇಲ್ಲಿಯೇ ಶಾಖದ ಪಾಠವು ಅವಶ್ಯಕವಾಗುವುದು. ಆರೋಗ್ಯವಾಗಿರುವ ಮೊಲದ ದೇಹದ ಉಷ್ಣತೆ ಸುಮಾರು ೩೯ ಡಿಗ್ರಿ ಸೆಂಟಿಗ್ರೇಡ್. ನಮಗೆ ಸೆಕೆಯಾದಾಗ ಬೆವರು ಆವಿಯಾಗಿ ಮೈಯ ಶಾಖವನ್ನು ಸೆಳೆದೊಯ್ಯುವುದು. ಹೂಜಿಯ ನೀರು ತಂಪಾಗುವುದೂ ಇದೇ ತತ್ತ್ವದಿಂದ. ಮೊಲಕ್ಕೆ ಬೆವರುವ ಶಕ್ತಿ ಇಲ್ಲವೆಂದೇ ಹೇಳಬಹುದು. ನಾಯಿಯಂತೆ ನಾಲಗೆ ಚಾಚಿ ಏದುಸಿರಿನಿಂದ ಮೈಯನ್ನು ತಣಿಸಿಕೊಳ್ಳುವುದೂ ಅದಕ್ಕೆ ಸರಿಯಾಗಿ ಬಾರದು. ಅದರ ಮುಖ್ಯ ಸಾಧನವೆಂದರೆ ಕಿವಿಗಳು. ಮೈಯ ಒಟ್ಟು ಮೇಲ್ಮೈಯಲ್ಲಿ ಶೇಕಡಾ ೧೨ರಷ್ಟು ವಿಸ್ತಾರವಾದ ಆ ತೆಳು ಹಾಳೆಗಳಲ್ಲಿ ರಕ್ತನಾಳಗಳು ಬಲೆಯಂತೆ ಹರಡಿವೆ. ಸೆಕೆಯಾದಾಗ ನಾಳಗಳು ಹಿಗ್ಗಿ, ಬಿಸಿರಕ್ತವು ಅಲ್ಲಿ ಹರಿದು, ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು ಮರಳುವುದು.

ಈ ಉಪಾಯಕ್ಕೆ ಒಂದು ಮಿತಿಯುಂಟು. ವಸ್ತುವೊಂದು ಕಳೆದುಕೊಳ್ಳುವ ಶಾಖವು ಅದರ ಉಷ್ಣತೆಗೂ ಸುತ್ತಲಿನ ಉಷ್ಣತೆಗೂ ಇರುವ ವ್ಯತ್ಯಾಸಕ್ಕೆ ಅನುಗುಣವಾಗಿರುವುದೆಂಬ ನ್ಯೂಟನ್ನನ ನಿಯಮವನ್ನು ವಿದ್ಯಾರ್ಥಿಗಳೆಲ್ಲರೂ ಓದಿರುವರು. ಕೋಣೆಯ ಉಷ್ಣತೆ ೨೪ ಡಿಗ್ರಿ ಇದ್ದರೆ ವ್ಯತ್ಯಾಸವು ೧೫ ಡಿಗ್ರಿ. ೩೬ ಡಿಗ್ರಿಗೆ ಏರಿದರೆ ವ್ಯತ್ಯಾಸವು ೩ ಡಿಗ್ರಿಗೆ ಇಳಿಯುವುದು. ಎಂದರೆ ಕಿವಿಗಳು ಹೊರಹಾಕಬಲ್ಲ ಶಾಖವು ಐದರಲ್ಲೊಂದು ಪಾಲಾಯಿತು. ಗಾಳಿಯ ಉಷ್ಣತೆ ೩೯ನ್ನು ಮುಟ್ಟಿದಾಗ ಕಿವಿಗಳ ಕೆಲಸವು ನಿಂತುಹೋಗುವುದು. ಅದನ್ನೂ ಮೀರಿದರೆ ಅದೇ ಕಿವಿಗಳು ಹೊರಗಿನ ಬೇಗೆಯನ್ನು ಒಳಕ್ಕೆ ತರತೊಡಗುವುವು. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ನೆರಳಿನ ಉಷ್ಣತೆಯೇ ೪೦ನ್ನು ದಾಟುವುದು. ಬೆಂಗಳೂರಿನವರು ತಮ್ಮ ಊರು ತಂಪೆಂದು ನಿಶ್ಚಿಂತರಾಗಬಾರದು. ಉಷ್ಣತೆ ೨೮ ಡಿಗ್ರಿಯನ್ನು ಮೀರಿದಂತೆಲ್ಲ ಮೊಲವು ಸಂಕಟಪಡಲು ಆರಂಭಿಸುವುದು, ಕಾದ ತಗಡಿನ ಅಡಿಯಲ್ಲಿ ಈ ಮಿತಿಯು ಬಲು ಬೇಗ ಮೀರುವುದು. ಈ ಮಾತಿನಲ್ಲಿ ಸಂದೇಹವುಳ್ಳವರು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತಾಪಮಾಪಕವನ್ನು ತಗಡಿನ ಕೆಳಗೊಮ್ಮೆ, ನಡುಮನೆಯ ನೆಲದ ಮೇಲೊಮ್ಮೆ ಇಟ್ಟು ನೋಡಲಿ.

ಬಿಲದಲ್ಲಿ ಈ ಸಂಕಟವಿಲ್ಲ. ಹಗಲಿನ ಬಿಸಿಯೂ ಇರುಳಿನ ತಂಪೂ ಅಲೆಗಳಂತೆ ನೆಲದೊಳಕ್ಕೆ ಇಳಿಯುವುವಾದರೂ ಆಳಕ್ಕೆ ಹೋದಂತೆಲ್ಲ ಕ್ಷೀಣಿಸುತ್ತವೆ. ಅರ್ಧ ಮೀಟರಿನ ಕೆಳಗೆ ಹಗಲು ಇರುಳುಗಳ ಭೇದವು ಬಹುಮಟ್ಟಿಗೆ ಅಳಿಸಿಹೋಗುವುದು. ನಮ್ಮ ಮನೆಗಳಲ್ಲಿ ಈ ಗುಣಕ್ಕೆ ಸಮೀಪವಾದ ಸ್ಥಳವೆಂದರೆ ಬಿಸಿಲು ಬೀಳದ ನಡುಮನೆ. ಕಡುಬೇಸಗೆಯಲ್ಲಿ ನೀರನ್ನು ಸೀಸೆಯಲ್ಲಿ ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಮೊಲದ ಪಕ್ಕದಲ್ಲಿಡುವುದು ಒಳ್ಳೆಯ ಉಪಾಯ. ಪ್ರಾಣಿಯ ತೂಕಕ್ಕೂ ಅದು ವಿಶ್ರಾಂತಿಯಲ್ಲಿ ಹುಟ್ಟಿಸುವ ಶಾಖಕ್ಕೂ ಇರುವ ಸಂಬಂಧವನ್ನು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿಯು ೧೯೩೨ರಲ್ಲಿ ನಿರೂಪಿಸಿದನು. ಅದರಂತೆ ಎರಡು ಕಿಲೋಗ್ರಾಂ ತೂಕದ ಮೊಲವು ದಿನಕ್ಕೆ ಸುಮಾರು ೧೨೦ ಕಿಲೋಕ್ಯಾಲೊರಿ ಶಾಖವನ್ನು ಹುಟ್ಟಿಸುವುದು. ಒಂದು ಕಿಲೋಗ್ರಾಂ ಮಂಜುಗಡ್ಡೆಯು ಕರಗುವಾಗ ಹೀರುವ ಗುಪ್ತೋಷ್ಣವು ೮೦ ಕಿಲೋಕ್ಯಾಲೊರಿ. ಇದರಲ್ಲಿ ಬಹುಪಾಲು ಕೋಣೆಯ ಗಾಳಿಯಿಂದಲೇ ಬರುವುದಾದರೂ, ಸೀಸೆಗೆ ಒರಗಿ ಮಲಗಿದ ಮೊಲಕ್ಕೆ ಸಿಕ್ಕುವ ಪಾಲು ಅಲ್ಪವಲ್ಲ. ಮೊಲವನ್ನು ನೀರಿನಲ್ಲಿ ಅದ್ದಿ ತಂಪುಮಾಡಲು ಮಾತ್ರ ಹೋಗಬಾರದು. ಆ ಗಾಬರಿಯೇ ಅದಕ್ಕೆ ಪ್ರಾಣಾಂತಿಕವಾಗಬಹುದು.

ಇನ್ನು ಗೂಡಿನ ವಿಷಯ. ಮೊಲದ ಅಂಗಾಲಿನಲ್ಲಿ ನಾಯಿ ಬೆಕ್ಕುಗಳಿಗೆ ಇರುವಂಥ ಮೆತ್ತೆಗಳಿಲ್ಲ. ಚರ್ಮದ ಮೇಲೆ ಕೂದಲಿನ ಹೊದಿಕೆ ಮಾತ್ರ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಎಂಬುದು ನಮ್ಮ ಮೊದಲ ಪಾಠಗಳಲ್ಲೊಂದು. ಗೂಡಿನ ತಳವು ತಂತಿಬಲೆಯಾಗಿದ್ದು, ಪಾದದ ಹತ್ತರಲ್ಲೊಂದು ಭಾಗ ಮಾತ್ರ ತಂತಿಯನ್ನು ಮುಟ್ಟುವುದಾದರೆ, ಅಲ್ಲಿಯ ಒತ್ತಡವು ಸಮತಟ್ಟಾದ ನೆಲದ ಮೇಲಿನದಕ್ಕಿಂತ ಹತ್ತು ಪಟ್ಟಾಗುವುದು. ಹಗಲಿರುಳೂ ಹಾಗೆಯೇ ನಿಂತಿರುವ ಪ್ರಾಣಿಯ ಹಿಂಗಾಲು ಹುಣ್ಣಾಗಿ, ಕೀವು ತುಂಬಿ, ಮೂಳೆಯವರೆಗೂ ಕೊಳೆಯಬಹುದು. ಗೂಡಿನಲ್ಲಿಟ್ಟ ಮೊಲವು ಸದ್ದಿಲ್ಲದೆ ಕುಳಿತಿರುವುದನ್ನು ಕಂಡು ಅದು ಸುಖವಾಗಿದೆಯೆಂದು ನಂಬುವವರಿದ್ದಾರೆ. ಬೇಟೆಗೆ ಗುರಿಯಾಗುವ ಪ್ರಾಣಿಯು ನೋವನ್ನು ತೋರಗೊಡದು. ಕುಂಟುವುದನ್ನು ಕಂಡರೆ ನರಿಯು ಅದನ್ನೇ ಆರಿಸಿಕೊಳ್ಳುವುದಷ್ಟೆ. ತಂತಿಯ ಗೂಡಿನಲ್ಲಿ ಸುಖವಾಗಿರುವ ಮೊಲವೆಂಬುದು ನಮ್ಮ ತಾರ್ಕಿಕರು ಉದಾಹರಿಸುವ ಮೊಲದ ಕೊಂಬಿನಂಥದೇ.

ಮೊಲದ ಅಸ್ಥಿಪಂಜರವು ದೇಹದ ತೂಕದಲ್ಲಿ ಶೇಕಡಾ ೮ರಷ್ಟನ್ನೂ ಮೀರುವುದಿಲ್ಲ. ಬೆಕ್ಕಿನಲ್ಲಿ ಅದು ೧೨ರಿಂದ ೧೩. ಇಷ್ಟು ಹಗುರಾದ ಎಲುಬಿನ ಚೌಕಟ್ಟಿಗೆ ಪ್ರಬಲವಾದ ಹಿಂಗಾಲಿನ ಸ್ನಾಯುಗಳು ಕೂಡಿಕೊಂಡಿವೆ. ಕಿವಿಯನ್ನೋ ಕತ್ತಿನ ಚರ್ಮವನ್ನೋ ಹಿಡಿದೆತ್ತಿದಾಗ ಮೊಲವು ಗಾಳಿಯಲ್ಲಿ ಒದೆಯುವುದು. ಆ ಒದೆತವನ್ನು ತಡೆಯಲು ಎದುರಿಗೆ ನೆಲವಿಲ್ಲದಿರುವುದರಿಂದ ಅದರ ಬಲವೆಲ್ಲ ಹಿಂತಿರುಗಿ ಸೊಂಟದ ಬೆನ್ನೆಲುಬಿನ ಮೇಲೆ ಬೀಳುವುದು. ಎಷ್ಟೋ ಸಲ ಅದು ಮುರಿದು ಪ್ರಾಣಿಯು ಹಿಂಭಾಗದ ಸ್ವಾಧೀನವನ್ನು ಕಳೆದುಕೊಳ್ಳುವುದು. ಆದಕಾರಣ ಎದೆಗೂ ಹಿಂಭಾಗಕ್ಕೂ ಕೈಯ ಆಧಾರ ಕೊಟ್ಟೇ ಎತ್ತಬೇಕು. ಎತ್ತದೆ ನೆಲದ ಮೇಲೆ ಅದರ ಬಳಿ ಕುಳಿತುಕೊಳ್ಳುವುದು ಇನ್ನೂ ಉತ್ತಮ.

ಒಳಗಿಟ್ಟ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ನಾವು ಹೇಳುವುದಿಲ್ಲ. ನುಣುಪಾದ ಗ್ರಾನೈಟ್ ಕಲ್ಲಿನ ಮೇಲೆ ಕೂದಲು ತುಂಬಿದ ಅಂಗಾಲಿಗೆ ಘರ್ಷಣೆ ಸಾಲದೆ ಕಾಲುಗಳು ಜಾರಿ ಅಗಲುವುವು. ಜಮಖಾನೆಯನ್ನೋ ಗೋಣಿಯನ್ನೋ ಹಾಸಿದರೆ ಈ ತೊಂದರೆ ತೀರಿತು. ಬಿಲದ ಹಾದಿಗೆ ಅಡ್ಡಬಂದ ಬೇರನ್ನು ಕಡಿದೊಗೆಯುವ ಪ್ರಾಣಿಯ ಕಣ್ಣಿಗೆ ನೆಲದ ಮೇಲಿನ ವಿದ್ಯುತ್ ತಂತಿಯೂ ಒಂದು ಬೇರೇ. ನಮ್ಮ ಮನೆಗಳ ವಿದ್ಯುತ್ತು ೨೩೦ ವೋಲ್ಟಿನದು ಎಂಬುದನ್ನು ಅದಕ್ಕೆ ತಿಳಿಯಹೇಳುವ ಬಗೆಯಿಲ್ಲ. ತಂತಿಗಳನ್ನು ಕೊಳವೆಗಳಲ್ಲಿ ತೂರಿಸಬೇಕು, ಇಲ್ಲವೇ ಮೇಲಕ್ಕೆತ್ತಿ ಕಟ್ಟಬೇಕು. ಪುಸ್ತಕಗಳನ್ನೂ ಎತ್ತರದಲ್ಲಿಡುವುದು ಒಳ್ಳೆಯದು. ನಮ್ಮ ಮನೆಯ ಮೊಲಗಳು ಭೌತಶಾಸ್ತ್ರದ ಪಠ್ಯಕ್ಕೂ ಹಳೆಯ ವೃತ್ತಪತ್ರಿಕೆಗೂ ಯಾವ ಭೇದವನ್ನೂ ಎಣಿಸುವುದಿಲ್ಲ.

ಶಬ್ದದ ವಿಷಯದಲ್ಲಿಯೂ ಎಚ್ಚರ ಬೇಕು. ಮನುಷ್ಯನ ಕಿವಿಗೆ ಸೆಕೆಂಡಿಗೆ ೨೦,೦೦೦ ಕಂಪನಗಳ ಮೇಲೆ ಏನೂ ಕೇಳಿಸದು. ಮೊಲವು ೪೦,೦೦೦ದ ಆಚೆಗೂ ಕೇಳಬಲ್ಲದು. ಇಲಿಗಳನ್ನು ಓಡಿಸಲೆಂದು ಗೋಡೆಗೆ ಸಿಕ್ಕಿಸುವ ಶ್ರವಣಾತೀತ ಶಬ್ದದ ಯಂತ್ರವು ನಮ್ಮ ಪಾಲಿಗೆ ಮೌನಿ, ಮೊಲದ ಪಾಲಿಗೆ ಬಿಡದೆ ಕೂಗುವ ಶಿಳ್ಳೆ. ದೀಪಾವಳಿಯ ರಾತ್ರಿ ಪಟಾಕಿಯ ಸದ್ದಿಗೆ ಮೊಲಗಳು ಬೆದರಿ ಪ್ರಾಣವನ್ನೇ ಬಿಡುವುದುಂಟು. ತಾರಸಿಯ ಗೂಡಿಗಿಂತ ಒಳಗಿನ ಕೋಣೆಯ ಮೂಲೆಯೇ ಅಂದು ಅದಕ್ಕೆ ದಿಕ್ಕು.

ಆಹಾರದ ವಿಷಯದಲ್ಲಿ ಜನರ ಹಟವು ಇನ್ನೂ ಗಟ್ಟಿ. ಮೊಲವೆಂದೊಡನೆ ಕ್ಯಾರೆಟ್ಟನ್ನು ಹಿಡಿದ ಚಿತ್ರವೇ ಮಕ್ಕಳ ಕಣ್ಣಿಗೆ ಕಟ್ಟುವುದು. ಮೊಲವು ಹುಲ್ಲು ಮೇಯುವ ಪ್ರಾಣಿ. ಅದರ ಹಲ್ಲುಗಳು ಬಾಳಿನುದ್ದಕ್ಕೂ ಬೆಳೆಯುತ್ತಲೇ ಇರುವುವು. ಬಾಚಿಹಲ್ಲುಗಳ ಬೆಳವಣಿಗೆ ವಾರಕ್ಕೆ ಸುಮಾರು ಎರಡು ಮಿಲಿಮೀಟರು, ಎಂದರೆ ವರ್ಷಕ್ಕೆ ಹತ್ತು ಸೆಂಟಿಮೀಟರು. ಒರಟಾದ ಹುಲ್ಲನ್ನು ಗಂಟೆಗಟ್ಟಲೆ ಅರೆದಾಗಲೇ ಅವು ಸವೆದು ಹದದಲ್ಲಿರುವುದು. ಅನ್ನ, ರೊಟ್ಟಿ, ಬಿಸ್ಕತ್ತುಗಳಿಂದ ಹೊಟ್ಟೆ ತುಂಬಿಸಿದರೆ ದವಡೆ ಹಲ್ಲುಗಳು ಬೆಳೆದು ನಾಲಗೆಯನ್ನೂ ಕೆನ್ನೆಯನ್ನೂ ಕೊಯ್ಯುವುವು. ಇದರ ಹೊಟ್ಟೆಯ ಕ್ರಮವೂ ವಿಚಿತ್ರವಾದುದು. ನಾರನ್ನು ಹುದುಗಿಸುವ ಕುರುಡುಕರುಳಿನಿಂದ ಹೊರಬೀಳುವ ಮೆದುವಾದ ಹಿಕ್ಕೆಗಳನ್ನು ಮೊಲವು ಮತ್ತೆ ತಿನ್ನುವುದು. ಅದರಿಂದ ಬಿ ಗುಂಪಿನ ಜೀವಸತ್ತ್ವಗಳು ಒದಗುವುವು. ಹಸುವಿನ ಮೆಲುಕಿಗೆ ಇದು ಸಾಟಿಯಾದ ಏರ್ಪಾಡಾದ್ದರಿಂದ ಹೇಸಿಕೊಳ್ಳತಕ್ಕುದೇನೂ ಇಲ್ಲ. ಈ ಕರುಳಿನ ಚಲನೆ ನಿಂತರೆ ಅಪಾಯವು ಸನ್ನಿಹಿತವಾಯಿತೆಂದೇ ತಿಳಿಯಬೇಕು. ಮೊಲವು ಹನ್ನೆರಡು ಗಂಟೆ ಏನನ್ನೂ ತಿನ್ನದಿದ್ದರೆ ಬೆಳಗಾಗಲೆಂದು ಕಾಯದೆ ಪಶುವೈದ್ಯರಲ್ಲಿಗೆ ಧಾವಿಸಬೇಕು.

ಒಣಹುಲ್ಲು ಸದಾ ಮುಂದಿರಬೇಕು. ಔಷಧಿ ಸಿಂಪಡಿಸದ ಕಡೆ ಕಿತ್ತ ಗರಿಕೆ, ಕೊತ್ತಂಬರಿ ಸೊಪ್ಪು, ಪುದೀನ, ಸಬ್ಬಸಿಗೆ, ಮೂಲಂಗಿಯ ಎಲೆ ಇವು ನಮ್ಮಲ್ಲಿ ಸುಲಭವಾಗಿ ಸಿಕ್ಕುವ ಮೇವು. ಅಗಲವಾದ ಬಟ್ಟಲಿನಲ್ಲಿ ಶುದ್ಧವಾದ ನೀರಿರಬೇಕು. ಕ್ಯಾರೆಟ್ಟು, ಬಾಳೆಹಣ್ಣುಗಳು ನಮಗೆ ಮಿಠಾಯಿ ಇದ್ದಂತೆ. ಬೆರಳ ತುದಿಯಷ್ಟು ಸಾಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳು ಕೂಡದು. ಮನೆಯ ಔಷಧಿಯ ಪೆಟ್ಟಿಗೆಯನ್ನಂತೂ ತೆರೆಯಲೇಬಾರದು. ನಮ್ಮ ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಮೊದಲಾದ ಪೆನಿಸಿಲಿನ್ ಬಳಗದ ಔಷಧಿಗಳು ಬಾಯಿಯ ಮೂಲಕ ಮೊಲದ ಹೊಟ್ಟೆಯನ್ನು ಸೇರಿದರೆ ಕರುಳಿನ ಹಿತಕಾರಿ ಜೀವಾಣುಗಳು ಅಳಿದು ವಿಷಜೀವಾಣುಗಳು ಬೆಳೆಯುವುವು. ನಾಯಿಗಳ ಉಣ್ಣೆಗೆಂದು ಮಾರುವ ಫಿಪ್ರೊನಿಲ್ ಎಂಬ ಔಷಧವೂ ಮೊಲವನ್ನು ಕೊಲ್ಲಬಲ್ಲದು.

ಎಣಿಕೆಯ ಮಾತು ಬಂದಾಗ ಸಂತಾನದ ಲೆಕ್ಕವನ್ನೂ ಹೇಳಲೇಬೇಕು. ಮೊಲದ ಗರ್ಭಾವಧಿ ಸುಮಾರು ೩೧ ದಿನ; ಹೆತ್ತ ದಿನವೇ ಅದು ಮತ್ತೆ ಗರ್ಭ ಧರಿಸಬಲ್ಲದು. ಸೂಲಿಗೆ ಆರು ಮರಿಗಳೆಂದು ಹಿಡಿದರೂ ಆರು ತಿಂಗಳಲ್ಲಿ ಒಂದು ಜೋಡಿಯಿಂದ ಮೂವತ್ತಾರು. ಅಷ್ಟರಲ್ಲಿ ಮೊದಲ ಸೂಲಿನವು ತಾವೂ ಹೆರಲು ಸಿದ್ಧವಾಗಿರುವುವು. ಪಾರುಮಾಡಿದ ಇಬ್ಬರಿಂದ ಬಿಟ್ಟುಬರಬೇಕಾದ ಮೂವತ್ತಾರು ಜನಿಸುವುದಾದರೆ ಆ ದಯೆಯ ಫಲವೇನು? ಮೊಲಗಳ ಚಿಕಿತ್ಸೆಯಲ್ಲಿ ನುರಿತ ವೈದ್ಯರಿಂದ ಸಂತಾನಹರಣ ಶಸ್ತ್ರಕ್ರಿಯೆಯನ್ನು ಮಾಡಿಸುವುದು ಅನಿವಾರ್ಯ. ವಯಸ್ಸಾದ ಹೆಣ್ಣುಮೊಲಗಳಲ್ಲಿ ಬಲು ಸಾಮಾನ್ಯವಾದ ಗರ್ಭಕೋಶದ ಕ್ಯಾನ್ಸರನ್ನೂ ಇದು ತಪ್ಪಿಸುವುದು. ಶಸ್ತ್ರಕ್ರಿಯೆಯಾದ ಮೊಲಗಳು ಒಂದಕ್ಕೊಂದು ಜೊತೆಯಾಗಿ ಬಾಳುವುವು, ಮೂಲೆಯಲ್ಲಿಟ್ಟ ಹುಲ್ಲಿನ ತಟ್ಟೆಯಲ್ಲೇ ಮಲಮೂತ್ರ ವಿಸರ್ಜಿಸುವುದನ್ನೂ ಬೇಗ ಕಲಿಯುವುವು. ಮನೆ ನಾರುವುದೆ ಎಂದು ಅಂಜುವವರಿಗೆ ಇದೇ ಉತ್ತರ.

ಮೊಲವನ್ನು ಮನೆಯವರ ನಡುವೆ ಬಿಟ್ಟು ಸಾಕುವ ಈ ಕ್ರಮವು ನಾವು ಹೊಸದಾಗಿ ಕಂಡುಹಿಡಿದುದಲ್ಲ. ಅಮೆರಿಕದ ಮಾರಿನೆಲ್ ಹ್ಯಾರಿಮನ್ ಎಂಬುವರು ೧೯೮೫ರಲ್ಲಿ ಈ ಕುರಿತು ಕೈಪಿಡಿಯೊಂದನ್ನು ಬರೆದರು. ೧೯೮೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹೌಸ್ ರ್‍ಯಾಬಿಟ್ ಸೊಸೈಟಿ ಎಂಬ ಸಂಘವು ಸ್ಥಾಪಿತವಾಗಿ, ತೊರೆದ ಮೊಲಗಳನ್ನು ಮನೆಗಳಿಗೆ ಸೇರಿಸುತ್ತ ಬಂದಿದೆ. ಪ್ರಾಣಿಯೊಡನೆ ಒಂದೇ ಸೂರಿನಡಿ ಬಾಳುವುದು ನಮ್ಮವರಿಗೂ ಅಪರಿಚಿತವಲ್ಲ. ಬಯಲುಸೀಮೆಯ ಹಳೆಯ ಮನೆಗಳಲ್ಲಿ ತಲೆಬಾಗಿಲನ್ನು ದಾಟಿದೊಡನೆ ದನಕರುಗಳನ್ನು ಕಟ್ಟುವ ಜಾಗವಿರುತ್ತಿತ್ತು. ಎತ್ತು ಇರಬಹುದಾದ ಮನೆಯಲ್ಲಿ ಎರಡು ಕಿಲೋಗ್ರಾಂ ತೂಕದ ಮೊಲವು ಇರಬಾರದೆ?

ನಮ್ಮ ವಾದಕ್ಕೆ ಎದುರಾಗಬಹುದಾದ ಗಂಭೀರವಾದ ಆಕ್ಷೇಪವು ಒಂದಿದೆ. ಮನುಷ್ಯರೇ ಹಸಿದಿರುವ ದೇಶದಲ್ಲಿ ಮೊಲಕ್ಕೆ ಇಷ್ಟು ಉಪಚಾರವೆ? ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಮೊಲವನ್ನು ಕೊಳ್ಳಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ಕೊಳ್ಳಲೇಬಾರದೆಂಬುದು ನಮ್ಮ ಮತ. ಕೊಳ್ಳುವವರಿಲ್ಲದಿದ್ದರೆ ಮಾರುವವರೂ ಇರರು, ಬಿಟ್ಟುಹೋಗುವವರೂ ಇರರು. ಆದರೆ ಈಗಾಗಲೇ ಹುಟ್ಟಿರುವ ಪ್ರಾಣಿಗೆ ನಾವು ಸಲ್ಲಿಸುವುದು ದಾನವಲ್ಲ, ಋಣ. ಲೂಯಿ ಪಾಶ್ಚರನು ೧೮೮೫ರಲ್ಲಿ ಹುಚ್ಚುನಾಯಿ ಕಡಿದ ಬಾಲಕನೊಬ್ಬನಿಗೆ ಕೊಟ್ಟ ಲಸಿಕೆಯು ರೋಗ ತಗುಲಿಸಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಸಿದ್ಧಪಡಿಸಿದುದು. ೧೯೪೪ರಲ್ಲಿ ರೂಢಿಗೆ ಬಂದ ಡ್ರೇಜ್ ಪರೀಕ್ಷೆಯಲ್ಲಿ ಹೊಸ ರಾಸಾಯನಿಕಗಳನ್ನು ಮೊದಲು ಹನಿಸಿ ನೋಡಿದುದು ಮೊಲದ ಕಣ್ಣಿಗೆ. ಭಾರತವು ೨೦೧೪ರಲ್ಲಿ ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತಾದರೂ ಹಿಂದಿನ ಲೆಕ್ಕವು ಅಳಿದುಹೋಗಲಿಲ್ಲ. ವಿಜ್ಞಾನವನ್ನು ಓದುವ ನಾವು ಈ ಋಣದಲ್ಲಿ ಪಾಲುದಾರರು.

ಈ ಬರಹವನ್ನು ಓದುವ ತರುಣ ಮಿತ್ರರು ಒಂದು ನಿಶ್ಚಯವನ್ನು ಮಾಡಿಕೊಳ್ಳಬೇಕೆಂದು ನಮ್ಮ ಆಶಯ. ಬೀದಿಯಲ್ಲಿ ಸಿಕ್ಕ ಮೊಲವನ್ನು ನಾಯಿಗಳಿಂದ ಬಿಡಿಸಿ ತರುವುದಕ್ಕೆ ಹಿಂಜರಿಯಬಾರದು. ಅದು ಅರ್ಧ ಗಂಟೆಯ ಕೆಲಸ. ಅದನ್ನು ಇಟ್ಟುಕೊಳ್ಳುವುದಕ್ಕೆ ಮಾತ್ರ ಹತ್ತು ಸಲ ಯೋಚಿಸಬೇಕು. ಚೆನ್ನಾಗಿ ನೋಡಿಕೊಂಡ ಮೊಲವು ಎಂಟು ಹತ್ತು ವರ್ಷ ಬದುಕುವುದು; ಇಂದು ಪ್ರೌಢಶಾಲೆಯಲ್ಲಿರುವ ವಿದ್ಯಾರ್ಥಿಯು ಅಷ್ಟರಲ್ಲಿ ಪದವಿ ಮುಗಿಸಿ, ಉದ್ಯೋಗ ಹಿಡಿದು, ಬೇರೆ ಊರಿನಲ್ಲಿರುವನು. ವಿದ್ಯಾರ್ಥಿನಿಲಯದ ಕೋಣೆಯಲ್ಲಿರುವವರಿಗೆ ಇದು ಸಾಧ್ಯವಾಗದು. ಮನೆಯಲ್ಲಿರುವವರು ತಂದೆತಾಯಿಗಳ ಒಪ್ಪಿಗೆಯನ್ನು ಪಡೆದು, ಮೊಲವನ್ನು ಬಲ್ಲ ವೈದ್ಯರಾರೆಂದು ಮೊದಲು ವಿಚಾರಿಸಿ, ಬಿಸಿಲು ತಾಗದ ಮೂಲೆಯಲ್ಲಿ ಜಮಖಾನೆ ಹಾಸಿ, ತಂತಿಗಳನ್ನು ಮೇಲಕ್ಕೆ ಕಟ್ಟಿ, ಅನಂತರ ಅದನ್ನು ಒಳಕ್ಕೆ ಕರೆದುಕೊಳ್ಳಲಿ. ಕೆಲವು ದಿನಗಳ ಮೇಲೆ ಒಂದು ಸಂಜೆ ಅದು ಕಾರಣವಿಲ್ಲದೆ ಮೇಲಕ್ಕೆ ನೆಗೆದು, ಗಾಳಿಯಲ್ಲಿ ಮೈಯನ್ನು ತಿರುಚಿ, ಮತ್ತೆ ನೆಲಕ್ಕಿಳಿದು ನಡುಮನೆಯ ಉದ್ದಕ್ಕೂ ಓಡುವುದು. ಮೊಲವು ಸಂತೋಷವನ್ನು ತೋರುವ ಬಗೆ ಅದು. ಆಗ ಅದರ ಕಾಲುಗಳನ್ನು ಎಣಿಸಿ ನೋಡಲಿ. ನಾಲ್ಕೂ ನೆಲವನ್ನು ಬಿಟ್ಟು ಮೇಲೆದ್ದಿರುವುವು.